ಕೇಳುವವರ ಜಾಗ

ನಮ್ಮ ಮನೆಗಳಲ್ಲಿ ಹಾಡು ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಡು ಇತ್ತು. ಅದನ್ನು ಹಚ್ಚುವ ಗುಂಡಿ ಮಾತ್ರ ಹೆಂಗಸರ ಕೈಯಲ್ಲಿ ಇರಲಿಲ್ಲ.

ಹುಬ್ಬಳ್ಳಿಯ ನಮ್ಮ ಓಣಿಗೆ ಟೂ-ಇನ್-ಒನ್‌ಗಳು ಬಂದದ್ದು ಕೊಲ್ಲಿ ದೇಶಗಳಿಂದ. ಎಂಬತ್ತರ ದಶಕದ ಕೊನೆಯಲ್ಲಿ ಕುವೈತಿನಿಂದ ರಜೆಗೆ ಬಂದ ಚಾಚಾ ಒಂದನ್ನು ಅಬ್ಬಾರ ಕೈಗೆ ಕೊಟ್ಟರು. ಎರಡು ಬದಿಗೂ ಸ್ಪೀಕರು, ನಡುವೆ ಕ್ಯಾಸೆಟ್ಟಿನ ಕಿಂಡಿ, ಮೇಲೆ ಉದ್ದನೆಯ ಏರಿಯಲ್. ಅಮ್ಮಿ ಅದಕ್ಕೊಂದು ಗವಸು ಹೊಲಿದು ಅಂಚಿಗೆ ಕ್ರೋಶಾ ಹಾಕಿದರು. ಗವಸು ಹೊಲಿದವರು ಅಮ್ಮಿಯಾದರೂ ಅದನ್ನು ತೆಗೆಯುವವರು ಅಬ್ಬಾ ಒಬ್ಬರೇ. ಆದಿತ್ಯವಾರ ಬೆಳಿಗ್ಗೆ ಅವರ ಗೆಳೆಯರು ಬೈಠಕಿನಲ್ಲಿ ಸೇರುತ್ತಿದ್ದರು. ಸಾಬ್ರಿ ಸಹೋದರರ ಕವ್ವಾಲಿ, ಮೆಹದಿ ಹಸನ್ ಗಝಲುಗಳು ಸುರುವಾಗುತ್ತಿದ್ದವು. ಅಡಿಗೆಮನೆಗೂ ಬೈಠಕಿಗೂ ನಡುವೆ ಒಂದು ಪರದೆ. ಅಮ್ಮಿ ಆ ಪರದೆಯ ಈಚೆ ನಿಂತು ಚಹಾ ಸೋಸುತ್ತ ಕೇಳುತ್ತಿದ್ದರು. ಅಬ್ಬಾ ಜಬರದಸ್ತಿನ ಮನುಷ್ಯರೇನಲ್ಲ. ಅಮ್ಮಿ ಕೇಳಿದ್ದರೆ ಬೇಡವೆನ್ನುತ್ತಿರಲಿಲ್ಲ. ಆದರೆ ನಿನಗೆ ಯಾವ ಹಾಡು ಬೇಕು ಎಂದು ಅವರು ವಿಚಾರಿಸಿದ್ದಾಗಲಿ, ಇಂಥದು ಹಚ್ಚಿ ಎಂದು ಅಮ್ಮಿ ಹೇಳಿದ್ದಾಗಲಿ ನನಗೆ ನೆನಪಿಲ್ಲ.

ಅಮ್ಮಿಗೆ ಹಾಡುಗಳೇನು ಕಡಿಮೆ ಇರಲಿಲ್ಲ. ಅವರ ತವರು ಬೀಳಗಿ ಕಡೆಯದು. ಅಮೀರ್‌ಬಾಯಿ ಕರ್ನಾಟಕಿ ಹುಟ್ಟಿದ ಊರು ಅದು. 1943ರ ‘ಕಿಸ್ಮತ್’ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದ ಹೆಣ್ಣುಮಗಳು. ರಹಮತ್ ತರೀಕೆರೆಯವರು ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ನಾನಿ ಜೋಳ ಬೀಸುವಾಗ ಅಮೀರ್‌ಬಾಯಿಯ ಹಾಡುಗಳನ್ನು ಗುನುಗುತ್ತಿದ್ದರಂತೆ. ಅಮ್ಮಿ ಕಲಿತದ್ದು ಹಾಗೆ, ಬೀಸುಕಲ್ಲಿನ ಸಪ್ಪಳದ ಜೊತೆಗೆ.

ಅಮ್ಮಿಗೆ ಈಗ ಎಪ್ಪತ್ತನಾಲ್ಕು. ಬಲಗಿವಿ ಪೂರ್ತಿ ಹೋಗಿದೆ. ಹರೆಯದಲ್ಲೇ ಆ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದರಲ್ಲೇ ವರ್ಷಗಳು ಕಳೆದವು. ಹೆಂಗಸಿನ ಕಿವಿ ಸೋರುವುದು ದವಾಖಾನೆಗೆ ಹೋಗುವಂಥ ಕಾಯಿಲೆ ಎಂದು ಆಗ ಯಾರಿಗೂ ಅನಿಸಲಿಲ್ಲ. ಎಡಗಿವಿಯೂ ವಯಸ್ಸಿನ ಜೊತೆ ನಿಧಾನವಾಗಿ ಮಂದವಾಗುತ್ತಿದೆ ಎಂದು ಡಾಕ್ಟರು ಎರಡು ವರ್ಷದ ಹಿಂದೆ ಹೇಳಿದರು. ಕೇಳಬೇಕಾದ್ದನ್ನು ಈಗಲೇ ಕೇಳಿಬಿಡಬೇಕು ಎಂದು ನನ್ನ ತಲೆಯಲ್ಲಿ ಕೂತದ್ದು ಆವತ್ತು.

ಕಾಲೇಜಿಗೆ ಹೋಗುವ ಮಗಳು ತನ್ನ ಫೋನಿನ ಇಯರ್‌ಫೋನನ್ನು ನಾನಿಯ ಕಿವಿಗಿಟ್ಟಳು. ಒಂದು ಗಝಲ್ ಹಚ್ಚಿದಳು. ಅಮ್ಮಿ ಸ್ವಲ್ಪ ಹೊತ್ತು ಕೇಳಿ, “ತಬಲಾದವನು ಎದ್ದು ಹೋದನೇನು?” ಎಂದರು. ಮಗಳು ನಕ್ಕಳು. ಆದರೆ ಅಮ್ಮಿ ಹೇಳಿದ್ದು ಸರಿಯಾಗಿಯೇ ಇತ್ತು. ಸ್ಟೀರಿಯೋ ಧ್ವನಿಮುದ್ರಣದಲ್ಲಿ ಕೆಲವು ವಾದ್ಯಗಳನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಹಂಚಿರುತ್ತಾರೆ. ಇಯರ್‌ಫೋನಿನ ಬಲದ ಗುಂಡಿಯಲ್ಲಿ ಬರುವುದು ಬಲಗಿವಿಗೆ ಮಾತ್ರ. ಆ ಕಿವಿ ಇಲ್ಲದವರಿಗೆ ಆ ವಾದ್ಯವೇ ಇಲ್ಲ. ಎರಡೂ ಬದಿಯನ್ನು ಕೂಡಿಸಿ ಕೇಳಿಸುವ ಆಯ್ಕೆ ಫೋನಿನಲ್ಲಿರುತ್ತದೆ. ಮಗಳು ಅದನ್ನೂ ಹುಡುಕಿದಳು. ಆದರೆ ಸೋರಿ ನೊಂದ ಕಿವಿಯವರಿಗೆ ಕಿವಿಯೊಳಗೆ ಏನನ್ನಾದರೂ ತುರುಕಿಕೊಳ್ಳುವುದೆಂದರೆ ಹೆದರಿಕೆ. ಪೆಟ್ಟಿಗೆಗಳಿಂದ ಬರುವ ಹಾಡಿಗೆ ಈ ತೊಂದರೆಯಿಲ್ಲ. ಎರಡು ಸ್ಪೀಕರಿನ ದನಿಯೂ ಕೋಣೆಯಲ್ಲಿ ಹರಡಿ ಒಳ್ಳೆಯ ಕಿವಿಯನ್ನು ಮುಟ್ಟುತ್ತದೆ. ಮನೆಗೊಂದು ಸಣ್ಣ ಸ್ಟೀರಿಯೋ ಬೇಕೆಂದು ನಾನು ನಿಶ್ಚಯಿಸಿದ್ದು ಹೀಗೆ.

ಕಥಾಸಂಕಲನಕ್ಕೆ ಬಂದ ಗೌರವಧನಕ್ಕೆ ಸ್ವಲ್ಪ ಸೇರಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು, “ಈಗ ಯಾರ ತಗೋತಾರ್ರೀ ಮೇಡಮ್ ಅದನ್ನ? ಸೌಂಡ್‌ಬಾರ್ ಒಯ್ಯಿರಿ, ಟೀವಿ ಕೆಳಗ ಇಟ್ಟ್ರ ಮುಗೀತು” ಎಂದರು. ನಾನು ಬಿಡದೆ ವ್ಯಾಟು, ಓಮು ಕೇಳತೊಡಗಿದಾಗ, “ಮನ್ಯಾಗ ಗಂಡಸರು ಯಾರರ ಇದ್ರ ಕರಕೊಂಡ ಬರ್ರಿ, ಅವರಿಗೆ ತಿಳಿಸಿ ಹೇಳ್ತೀನಿ” ಎಂದರು. “ಕೇಳಾಕಿ ನಾನು, ನನಗ ಹೇಳ್ರಿ” ಎಂದೆ. ಆಮೇಲೆ ಹೇಳಿದರು.

ಕೊಳ್ಳುವವರಿಗೆ ಉಪಯೋಗವಾಗುವ ಒಂದೆರಡು ಮಾತು ಇಲ್ಲೇ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಬರೆದು, ಪಕ್ಕದಲ್ಲಿ ಪಿಎಂಪಿಒ ಎಂಬ ನಾಲ್ಕಕ್ಷರ ಸೇರಿಸಿರುತ್ತಿದ್ದರು. ಅದು ಕ್ಷಣಮಾತ್ರದ ಶಕ್ತಿಯನ್ನು ಹಿಗ್ಗಿಸಿ ಹೇಳುವ ಲೆಕ್ಕ. ನೋಡಬೇಕಾದ್ದು ಆರ್‌ಎಂಎಸ್ ಎಂಬ ಅಂಕಿ. ನಮ್ಮಂಥ ಮನೆಯ ಕೋಣೆಗೆ ಒಂದು ಬದಿಗೆ ಹದಿನೈದು ಇಪ್ಪತ್ತು ವ್ಯಾಟ್ ಧಾರಾಳ. ಸ್ಪೀಕರಿನ ಹಿಂದೆ ಇಷ್ಟು ಓಮ್ ಎಂದು ಬರೆದಿರುತ್ತದೆ. ಯಂತ್ರ ತಾಳುವುದಕ್ಕಿಂತ ಕಡಿಮೆ ಓಮಿನ ಸ್ಪೀಕರ್ ಹಾಕಿದರೆ ಯಂತ್ರ ಕಾಯುತ್ತದೆ, ಸುಟ್ಟೂ ಹೋಗಬಹುದು. ಹೊರದೇಶದಿಂದ ಬಂದ ಹಳೆಯ ಸೆಟ್ಟಾದರೆ ಪ್ಲಗ್ ಹಾಕುವ ಮೊದಲು ಹಿಂಬದಿಯ ಚೀಟಿಯಲ್ಲಿ ವೋಲ್ಟೇಜ್ ಓದಿಕೊಳ್ಳಿ. ಸೌದಿಯ ಎಷ್ಟೋ ಮನೆಗಳಲ್ಲಿ ಹಿಂದೆ 127 ವೋಲ್ಟಿನ ಕರೆಂಟು ಇತ್ತು. ಅಂಥದನ್ನು ನಮ್ಮ 230 ವೋಲ್ಟಿಗೆ ನೇರ ಕೊಟ್ಟರೆ ಅದರ ಕಥೆ ಮುಗಿಯಿತು.

ನಾನು ತಂದದ್ದು ಪುಟ್ಟ ಯಂತ್ರ. ಸಿಡಿ, ಎಫ್‌ಎಂ, ಪೆನ್‌ಡ್ರೈವ್, ಬ್ಲೂಟೂತ್ ಎಲ್ಲ ಅದರಲ್ಲೇ ಇವೆ. ಜೊತೆಗೆ ಹತ್ತು ಇಂಚು ಎತ್ತರದ ಎರಡು ಮರದ ಪೆಟ್ಟಿಗೆಗಳು. ಭಾಯಿಜಾನ್ ಫೋನ್ ಮಾಡಿ, “ನೀ ಮುಟ್ಟಬ್ಯಾಡ, ಶುಕ್ರವಾರ ಬಂದು ನಾ ಜೋಡಸ್ತೀನಿ” ಎಂದರು. ಶುಕ್ರವಾರಕ್ಕೆ ಮೂರು ದಿನ ಇತ್ತು. ನಾನೇ ಕುಳಿತೆ. ವಾಯರಿನ ತುದಿಯ ರಬ್ಬರನ್ನು ಒಂದು ಸೆಂಟಿಮೀಟರಿನಷ್ಟು ಸುಲಿದು, ತಾಮ್ರದ ಎಳೆಗಳನ್ನು ಬತ್ತಿ ಹೊಸೆದಂತೆ ಹೊಸೆದೆ. ಒಂದು ಎಳೆ ಹೊರಗುಳಿದು ಪಕ್ಕದ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಕೆಂಪು ಕಿಂಡಿಯಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ. ಎಡ ಬಲ ಎಂದು ಬರೆದಿರುವುದು ಕೇಳುವವರ ಎಡಬಲ. ಯಂತ್ರದ ಹಿಂದೆ ಬಗ್ಗಿ ಕೂತಾಗ ಅದು ತಿರುಗುಮುರುಗಾಗುತ್ತದೆ. ಏಳನೆಯ ಇಯತ್ತೆವರೆಗೆ ಬಲದಿಂದ ಬರೆದು, ಆಮೇಲೆ ಎಡದಿಂದ ಬರೆದವಳಿಗೆ ಇದೇನು ದೊಡ್ಡದಾಗಲಿಲ್ಲ.

ಕಷ್ಟವಾದದ್ದು ಎಲ್ಲಿಡಬೇಕು ಎಂಬುದು. ಮನೆಯವರೆಲ್ಲ ಬೈಠಕಿನ ಶೋಕೇಸು ತೋರಿಸಿದರು. ಗಾಜಿನ ಸಾಮಾನು ತುಂಬಿದ ಶೋಕೇಸಿನ ಮೇಲೆ ಸ್ಪೀಕರ್ ಇಟ್ಟರೆ ಹಾಡಿನ ಜೊತೆ ಕಪ್ಪುಬಸಿಗಳೂ ಹಾಡುತ್ತವೆ. ಮೂಲೆಗೆ ಒತ್ತಿ ಇಟ್ಟರೆ ಮಂದ್ರದ ದನಿ ಊದಿಕೊಂಡು ಗುಂಯ್‌ಗುಡುತ್ತದೆ. ಹಿಂದಿನ ಗೋಡೆಯಿಂದ ಒಂದಡಿಯಾದರೂ ಜಾಗ ಬಿಡಬೇಕು. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ ಅವುಗಳಿಂದ ಕೇಳುವವರಿಗೂ ಸುಮಾರು ಅಷ್ಟೇ ದೂರವಿರಬೇಕು, ಸಮಬಾಹು ತ್ರಿಕೋನದ ಹಾಗೆ. ತಾರದ ದನಿ ಬರುವ ಸಣ್ಣ ಸ್ಪೀಕರು ಕಿವಿಯ ಎತ್ತರಕ್ಕೆ ಬರಬೇಕು. ಹೀಗೆ ಇಟ್ಟಾಗ ಕೋಣೆಯಲ್ಲಿ ಒಂದೇ ಒಂದು ಜಾಗ ಸಿಗುತ್ತದೆ. ಅಲ್ಲಿ ಕೂತವರಿಗೆ ಹಾಡುವವರು ಎರಡು ಪೆಟ್ಟಿಗೆಗಳ ನಡುವಿನ ಬರೀ ಗಾಳಿಯಲ್ಲಿ ಕೂತು ಹಾಡಿದಂತೆ ಕೇಳಿಸುತ್ತದೆ. 1931ರಲ್ಲಿ ಅಲನ್ ಬ್ಲಮ್ಲೈನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಈ ವಿದ್ಯೆಯ ಪೇಟೆಂಟಿಗೆ ಅರ್ಜಿ ಹಾಕಿದ. ಇಡೀ ಸ್ಟೀರಿಯೋ ನಿಂತಿರುವುದು ಆ ಒಂದು ಜಾಗದ ಮೇಲೆ.

ನಮ್ಮ ಬೈಠಕಿನಲ್ಲಿ ಆ ಜಾಗ ಎಲ್ಲಿ ಬರುತ್ತದೆಂದು ಟೇಪು ಹಿಡಿದು ಅಳೆದೆ. ಅದು ಸರಿಯಾಗಿ ಅಬ್ಬಾ ಕೂರುತ್ತಿದ್ದ ಸೋಫಾದ ಮೇಲೆ ಬಂತು. ಅಬ್ಬಾ ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗಲೂ ಅಮ್ಮಿ ಆ ಸೋಫಾದಲ್ಲಿ ಕೂರುವುದಿಲ್ಲ. ಯಾರೂ ತಡೆದಿಲ್ಲ, ಆದರೂ ಕೂರುವುದಿಲ್ಲ. ಅವರ ಜಾಗ ಒಳಕೋಣೆಯ ಜಮಖಾನ, ಗೋಡೆಗೊಂದು ತಕ್ಕೆ. ಅಲ್ಲೇ ನಮಾಝು, ಅಲ್ಲೇ ಅಕ್ಕಿ ಆರಿಸುವುದು, ಅಲ್ಲೇ ಮಧ್ಯಾಹ್ನದ ನಿದ್ದೆ.

ಹಾಗಾಗಿ ಸ್ಟೀರಿಯೋವನ್ನೇ ಒಳಕೋಣೆಗೆ ಒಯ್ದೆ. ಕೋಣೆ ಹತ್ತಡಿ ಹನ್ನೆರಡಡಿ. ಯಂತ್ರದ ಜೊತೆ ಬಂದ ಪುಸ್ತಕದ ಚಿತ್ರದಲ್ಲಿ ಕೇಳುವವರು ಸೋಫಾದಲ್ಲಿ ಕೂತಿರುತ್ತಾರೆ, ಕಿವಿ ನೆಲದಿಂದ ಮೂರೂವರೆ ಅಡಿಯ ಹತ್ತಿರ. ನೆಲಕ್ಕೆ ಕೂತ ಅಮ್ಮಿಯ ಕಿವಿ ಎರಡೂಕಾಲು ಅಡಿಯಲ್ಲಿದೆ. ಬಡಿಗೇರರಿಂದ ಒಂದೂವರೆ ಅಡಿಯ ಎರಡು ಸ್ಟೂಲ್ ಮಾಡಿಸಿದೆ. ಪೆಟ್ಟಿಗೆಗಳ ಕೆಳಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡು ಕತ್ತರಿಸಿ ಇಟ್ಟೆ. ಸಿಮೆಂಟಿನ ನೆಲ, ಬರಿಗೋಡೆ, ಆರ್‌ಸಿಸಿ ಛಾವಣಿ ಇರುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಠಣ್ ಎಂದು ಮರುದನಿ ಬರುತ್ತದೆ. ಜಮಖಾನ, ಗಾದಿ, ಮಡಚಿಟ್ಟ ರಜಾಯಿಗಳಿದ್ದರೆ ಅವು ಆ ದನಿಯನ್ನು ಹೀರಿಕೊಳ್ಳುತ್ತವೆ. ಬೈಠಕಿಗಿಂತ ಒಳಕೋಣೆಯಲ್ಲೇ ಹಾಡು ಚೆನ್ನಾಗಿ ಕೇಳಿಸಿತು. ಜಮಖಾನವನ್ನು ಕೊಂಚ ಓರೆಯಾಗಿ ಹಾಸಿ, ಎಡಗಿವಿ ಪೆಟ್ಟಿಗೆಗಳ ಕಡೆಗೆ ತಿರುಗುವಂತೆ ಮಾಡಿದೆ.

ಗಾಳಿಯಲ್ಲಿ ಕೂತು ಹಾಡುವ ಆ ಮಾಯೆ ಕಾಣಲು ಎರಡು ಕಿವಿ ಬೇಕು. ಅಮ್ಮಿಗೆ ಅದು ದಕ್ಕುವುದಿಲ್ಲ. ಅದಕ್ಕೆ ನಾನು ಮೊದಲು ಹಚ್ಚಿದ್ದು ಅಮೀರ್‌ಬಾಯಿ. ಆ ಕಾಲದ ತಟ್ಟೆಗಳೆಲ್ಲ ಮೋನೋ. ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಹಾಡು, ಎಡಬಲ ಎಂಬ ಭೇದವಿಲ್ಲ. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾದ, 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆಗಳೂ ಹಾಗೆಯೇ. ಒಂದು ಕಿವಿಯವರಿಗೂ ಎರಡು ಕಿವಿಯವರಿಗೂ ಅಲ್ಲಿ ಸಮಪಾಲು. ತಂತಿ ಸರಿಯಾಗಿ ಜೋಡಿಸಿದ್ದೇವೆಯೋ ಎಂದು ನೋಡಲೂ ಮೋನೋ ಹಾಡೇ ಒಳ್ಳೆಯದು. ದನಿ ನಟ್ಟನಡುವೆ ಗಟ್ಟಿಯಾಗಿ ನಿಲ್ಲಬೇಕು. ಒಂದು ಪೆಟ್ಟಿಗೆಯಲ್ಲಿ ಕೆಂಪು ಕಪ್ಪು ಅದಲುಬದಲಾಗಿದ್ದರೆ ಮಂದ್ರ ತೆಳ್ಳಗಾಗಿ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ನಮ್ಮಲ್ಲಿ ನಡುವೆಯೇ ನಿಂತರು.

ಅಮ್ಮಿ ಅಕ್ಕಿಯ ಮೊರ ಕೆಳಗಿಟ್ಟರು. ಹಾಡು ಮುಗಿಯುವವರೆಗೆ ಕೈಯಲ್ಲಿ ಏನೂ ಹಿಡಿಯಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಅಮ್ಮಿ ಹಾಡು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುದ್ದಿ ತಿಳಿದು ಬಂದ ಖಾಲಾ, “ಈ ವಯಸ್ಸಿನಲ್ಲಿ ತಸ್ಬಿ ಹಿಡಿಯುವುದು ಬಿಟ್ಟು ಇದೇನು?” ಎಂದರು. ಸಂಗೀತ ಸಲ್ಲದು ಎನ್ನುವವರೂ ನಮ್ಮಲ್ಲಿದ್ದಾರೆ, ಸಲ್ಲುತ್ತದೆ ಎನ್ನುವವರೂ ಇದ್ದಾರೆ. ಆ ವಾದ ಶತಮಾನಗಳಷ್ಟು ಹಳೆಯದು, ಅದನ್ನು ಇತ್ಯರ್ಥ ಮಾಡುವ ವಿದ್ವತ್ತು ನನಗಿಲ್ಲ. ಆದರೆ ಅಬ್ಬಾರ ಬೈಠಕಿನಲ್ಲಿ ಖಾಲಾರ ಯಜಮಾನರೂ ಕೂತು ತಲೆದೂಗುತ್ತಿದ್ದರು. ಆಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಗಂಡಸರು ಕೇಳಿದರೆ ಶೌಕು, ಹೆಂಗಸು ಕೇಳಿದರೆ ಪ್ರಶ್ನೆ. ಬೇಗಂ ಅಖ್ತರ್ 1945ರಲ್ಲಿ ಮದುವೆಯಾಗಿ ಕೆಲವು ವರ್ಷ ಹಾಡನ್ನೇ ಬಿಟ್ಟಿದ್ದರು. ಕಾಯಿಲೆ ಬಿದ್ದ ಮೇಲೆ 1949ರಲ್ಲಿ ಲಖನೌ ರೇಡಿಯೋ ಕೇಂದ್ರದಲ್ಲಿ ಮತ್ತೆ ಹಾಡಿದರು. ಹಾಡುವವರ ಕಥೆಯಾದ್ದರಿಂದ ಅದು ಲೋಕಕ್ಕೆ ಗೊತ್ತಾಯಿತು. ಕೇಳುವುದನ್ನು ಬಿಟ್ಟವರ ಲೆಕ್ಕ ಯಾರು ಇಟ್ಟಿದ್ದಾರೆ?

ನಾವು ಹಚ್ಚುವುದು ಸಣ್ಣ ದನಿಯಲ್ಲೇ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಝಾನ್ ಆದಾಗ ನಿಲ್ಲಿಸುತ್ತೇವೆ. ದನಿ ಸಣ್ಣದಾದಷ್ಟೂ ಮನುಷ್ಯನ ಕಿವಿಗೆ ಮಂದ್ರದ ಸ್ವರಗಳು ಹೆಚ್ಚು ತಪ್ಪಿಹೋಗುತ್ತವೆ ಎಂದು 1933ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು. ಅದನ್ನು ಸರಿದೂಗಿಸಲೆಂದು ಕೆಲವು ಯಂತ್ರಗಳಲ್ಲಿ ಲೌಡ್‌ನೆಸ್ ಎಂಬ ಗುಂಡಿ ಇರುತ್ತದೆ. ಹೆಸರು ಕೇಳಿದರೆ ಗದ್ದಲದವರಿಗೆ ಎನಿಸುತ್ತದೆ, ಇರುವುದು ಮೆಲ್ಲಗೆ ಕೇಳುವವರಿಗೆ. ನಮ್ಮ ಮನೆಯಲ್ಲಿ ಅದು ಸದಾ ಒತ್ತಿಯೇ ಇರುತ್ತದೆ.

ಶುಕ್ರವಾರ ಜುಮ್ಮಾ ಮುಗಿಸಿ ಬಂದ ಭಾಯಿಜಾನ್ ಒಳಕೋಣೆಯ ಬಾಗಿಲಲ್ಲಿ ನಿಂತು, “ಬಂದ ಮಂದಿಗೆ ಕಾಣೂ ಹಂಗ ಬೈಠಕಿನ್ಯಾಗ ಇಡೂದ ಬಿಟ್ಟು ಇಲ್ಲ್ಯಾಕ ತಂದಿ?” ಎಂದರು. ನಾನು ಉತ್ತರ ಹೇಳುವ ಮೊದಲೇ ಅಮ್ಮಿ, “ಚಪ್ಪಲಿ ಬಿಟ್ಟು ಒಳಗೆ ಬಾ, ಕೂತು ಕೇಳು” ಎಂದರು.

ಮಗಳು ರಿಮೋಟಿನ ಒಂದು ಗುಂಡಿಯ ಮೇಲೆ ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಟ್ಟುಕೊಟ್ಟಿದ್ದಾಳೆ. ಅಮ್ಮಿ ಈಗ ತಾವೇ ಹಚ್ಚುತ್ತಾರೆ, ತಾವೇ ನಿಲ್ಲಿಸುತ್ತಾರೆ. ಅವರು ಬಾಯಿಬಿಟ್ಟು ಕೇಳಿದ ಮೊದಲ ಹಾಡು ಅಮೀರ್‌ಬಾಯಿಯದೂ ಅಲ್ಲ, ಬೇಗಂ ಅಖ್ತರರದೂ ಅಲ್ಲ. ಅದು ಡಾ. ರಾಜಕುಮಾರ್ ಅವರ ಒಂದು ಹಾಡು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಅಕ್ಕಾರ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯಿಂದ ಅದು ಬರುತ್ತಿತ್ತಂತೆ. ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದರಂತೆ, ಆಗ ಎರಡು ಕಿವಿಯೂ ಚೆನ್ನಾಗಿದ್ದವು. ಐವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಈ ಹಾಡಿನ ಸಂಗತಿ ನಮಗ್ಯಾರಿಗೂ ತಿಳಿದಿರಲಿಲ್ಲ. ಮಗಳು ಹುಡುಕಿ ಹಚ್ಚಿದಳು. ಅಮ್ಮಿಗೆ ಅದರ ಸಾಲುಗಳೆಲ್ಲ ಬಾಯಿಪಾಠ ಇದ್ದವು.