ಮೂಗು ನೋಡಿಕೊಳ್ಳುವ ಗೆಳೆಯ

ಕ್ರೀಡಾಕೂಟದ ದಿನ ಹಳೆ ವಿದ್ಯಾರ್ಥಿಯಾಗಿ ಕಾಲೇಜಿಗೆ ಬಂದಿದ್ದಾಗ ನೀವು ಕೇಳಿದ ಮೊದಲ ಪ್ರಶ್ನೆ, "ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿದರೆ ಜಾರುವುದಿಲ್ಲವಾ ಸರ್?" ಜಾರುತ್ತದೆ. ಅದಕ್ಕೇ ಶೂಗಳ ಅಡಿಗೆ ಸಣ್ಣ ಮುಳ್ಳುಗಳಿರುವ ಸರಪಳಿ ಹಾಕಿಕೊಳ್ಳುತ್ತಾರೆ. ಎರಡನೆಯದು, "ಐಸ್ ಒಡೆದರೆ?" ಐಸ್ ಎಷ್ಟು ದಪ್ಪವಿದೆ ಎಂದು ಮೊದಲೇ ಪರೀಕ್ಷಿಸಿರುತ್ತಾರೆ. ಆದರೂ ಅದು ಹಿಗ್ಗಿ ಕುಗ್ಗುವಾಗ ಕಾಲಡಿಯಲ್ಲಿ 'ಢಂ' ಎಂಬ ಸದ್ದು ಬರುತ್ತದೆ, ಎದೆ ಝಲ್ಲೆನ್ನುತ್ತದೆ. ಮೂಗಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ನಾನು ಹೇಳಬೇಕೆಂದಿದ್ದದ್ದು ಅದನ್ನೇ.

ಲಡಾಖಿನ ಪಾಂಗಾಂಗ್ ಉಪ್ಪುನೀರಿನ ಸರೋವರ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ ಎಂದು ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ್ದೀರಿ. ಅದೂ ಕಲ್ಲಿನಂತಾಗುತ್ತದೆ ಎಂದರೆ ಅಲ್ಲಿನ ಚಳಿಯನ್ನು ಊಹಿಸಿಕೊಳ್ಳಿ. 2023ರ ಫೆಬ್ರವರಿ 20ರಂದು ಅದರ ಮೇಲೆ ಮೊದಲ ಬಾರಿ ಹಾಫ್ ಮ್ಯಾರಥಾನ್ ನಡೆಯಿತು. ಲುಕುಂಗ್‌ನಿಂದ ಮಾನ್ ಹಳ್ಳಿಯವರೆಗೆ 21 ಕಿಲೋಮೀಟರ್, 13,862 ಅಡಿ ಎತ್ತರದಲ್ಲಿ. ಓಡಿದವರು 75 ಮಂದಿ, ಗಿನ್ನೆಸ್ ದಾಖಲೆಯೂ ಆಯಿತು. ಅದನ್ನು 'ಲಾಸ್ಟ್ ರನ್' ಎಂದು ಕರೆದರು. ಹವಾಮಾನ ಹೀಗೇ ಬಿಸಿಯಾಗುತ್ತಾ ಹೋದರೆ ಮುಂದೊಂದು ದಿನ ಓಡಲು ಐಸೇ ಇರುವುದಿಲ್ಲ ಎಂಬ ಎಚ್ಚರಿಕೆ ಆ ಹೆಸರಿನಲ್ಲಿದೆ.

ನಾನು ಮತ್ತು ಗೆಳೆಯ ಹೋದದ್ದು ಆಮೇಲಿನ ಒಂದು ಚಳಿಗಾಲದಲ್ಲಿ. ಪಿಯುಸಿಯಲ್ಲಿ ಇದೇ ಕಾಲೇಜಿನ ಮೈದಾನ ಸುತ್ತಿದವರು ನಾವಿಬ್ಬರೂ. ಒಂದು ವರ್ಷ ಕಡಲ ತೀರದ ಮರಳಿನಲ್ಲಿ ಬೆವರು ಸುರಿಸಿ ಓಡಿದೆವು. ಚಳಿಗೆ ತಯಾರಾಗುವ ದಾರಿ ನಮ್ಮ ಕರಾವಳಿಯಲ್ಲಿ ಎಲ್ಲಿದೆ? "ಫ್ರೀಜರ್ ಒಳಗೆ ಓಡಲಿಕ್ಕೆ ಇಷ್ಟು ದುಡ್ಡು ಕೊಡಬೇಕಾ ಮೋನೇ?" ಎಂದು ಉಮ್ಮ ಕೇಳಿದರು. ಮನೆಯ ಫ್ರೀಜರಿನಲ್ಲಿರುವುದು ಮೈನಸ್ 18, ಪಾಂಗಾಂಗ್‌ನ ರಾತ್ರಿ ಅದಕ್ಕಿಂತ ತಣ್ಣಗೆ ಎಂದು ನಾನು ಹೇಳಲಿಲ್ಲ.

ಲೇಹ್‌ನಲ್ಲಿ ಒಂದು ವಾರ ಸುಮ್ಮನೆ ಇದ್ದು ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಂಡೆವು. ಪಾಂಗಾಂಗ್‌ನಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ನಮ್ಮೂರಿನ ಶೇಕಡಾ 60ರಷ್ಟು ಮಾತ್ರ. ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು. ಲೇಹ್‌ನ ಡಾಕ್ಟರ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಚಳಿ ಹೆಚ್ಚಾದಾಗ ದೇಹ ಹೃದಯ, ಮಿದುಳನ್ನು ಕಾಪಾಡಲು ಕೈಕಾಲು ಬೆರಳು, ಕಿವಿ, ಮೂಗಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೊದಲು ಚುಚ್ಚಿದಂತಾಗುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಚರ್ಮ ಮೇಣದಂತೆ ಬಿಳಿಚಿಕೊಳ್ಳುತ್ತದೆ. "ಕೈಬೆರಳನ್ನು ನೀವೇ ನೋಡಿಕೊಳ್ಳಬಹುದು, ಮೂಗನ್ನು ನೋಡಿಕೊಳ್ಳಲಾಗುವುದಿಲ್ಲ. ಅದಕ್ಕೇ ಗೆಳೆಯ ಬೇಕು," ಎಂದರು. ಅಂದೇ ಒಪ್ಪಂದ ಮಾಡಿಕೊಂಡೆವು: ಪ್ರತಿ ಕಿಲೋಮೀಟರಿಗೆ ಒಬ್ಬರ ಮುಖ ಇನ್ನೊಬ್ಬರು ನೋಡುವುದು, ಒಬ್ಬ 'ನಿಲ್ಲು' ಎಂದರೆ ಇನ್ನೊಬ್ಬ ಚರ್ಚೆ ಮಾಡದೆ ನಿಲ್ಲುವುದು.

ಓಟದ ದಿನ ಬಿಸಿಲು ಝಗಮಗ ಹೊಳೆಯುತ್ತಿತ್ತು, ಅದರಲ್ಲಿ ಶಾಖವೇ ಇರಲಿಲ್ಲ. ಜಾಕೆಟಿನ ಒಳಗಿಟ್ಟ ಬಾಟಲಿಯ ನೀರು ಮಾತ್ರ ನೀರಾಗಿ ಉಳಿದಿತ್ತು. ಜೋರಾಗಿ ಓಡುವಂತೆಯೂ ಇಲ್ಲ. ಬೆವರಿದರೆ ಒಳಬಟ್ಟೆ ಒದ್ದೆಯಾಗಿ ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಕಡಲ ತೀರದಲ್ಲಿ ಕಲಿತದ್ದನ್ನೆಲ್ಲ ಉಲ್ಟಾ ಮಾಡಬೇಕು! ಮುಖಕ್ಕೆ ಸುತ್ತಿದ ಬಟ್ಟೆ ನಮ್ಮ ಉಸಿರಿನಿಂದಲೇ ಒದ್ದೆಯಾಗಿ, ಹೆಪ್ಪುಗಟ್ಟಿ, ಹಪ್ಪಳದಂತೆ ಗಟ್ಟಿಯಾಯಿತು. ಗೆಳೆಯ ತನ್ನದನ್ನು ಕೆಳಗೆ ಸರಿಸಿಕೊಂಡ.

ಒಂಬತ್ತನೆಯ ಕಿಲೋಮೀಟರಿನಲ್ಲಿ ಅವನ ಮೂಗಿನ ತುದಿಯಲ್ಲಿ ನಾಲ್ಕಾಣೆ ಗಾತ್ರದ ಬಿಳಿ ಮಚ್ಚೆ ಕಂಡಿತು.

"ನಿಲ್ಲು."

"ಏನೂ ನೋವಿಲ್ಲ ಮಾರಾಯ."

ನೋವಿಲ್ಲದಿರುವುದೇ ತೊಂದರೆ. ಅವನಿಗೂ ಅದು ಗೊತ್ತಿತ್ತು. ಆದರೆ ವರ್ಷದ ಬೆವರು, ರಜೆ, ಸಾಲ ಎಲ್ಲ ಅವನ ಕಣ್ಣಲ್ಲಿತ್ತು. ಕೈಗವಸು ತೆಗೆದು ನನ್ನ ಬೆಚ್ಚಗಿನ ಅಂಗೈಯನ್ನು ಅವನ ಮೂಗಿನ ಮೇಲಿಟ್ಟೆ. ಉಜ್ಜಬಾರದು, ಉಜ್ಜಿದರೆ ಚರ್ಮಕ್ಕೆ ಇನ್ನಷ್ಟು ಪೆಟ್ಟು. ಅವನು ನನ್ನ ಮುಖ ನೋಡಲಿಲ್ಲ. ಮುಂದಿನ ನೆರವು ಕೇಂದ್ರದವರೆಗೆ ಮಾತಿಲ್ಲದೆ ನಡೆದೆವು.

ಅಲ್ಲಿನ ಡಾಕ್ಟರ್ ಬೆಚ್ಚಗೆ ಮಾಡಿ, ಬಣ್ಣ ಮರಳಿದ್ದನ್ನು ನೋಡಿ, ಇನ್ನು ಓಡಬೇಡಿ ಎಂದರು. ಒಮ್ಮೆ ಬೆಚ್ಚಗಾದ ಜಾಗ ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾನಿಯಂತೆ. ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನೀನು ಹೋಗು. ಇಬ್ಬರೂ ಕೂತರೆ ಉಮ್ಮಂದಿರಿಗೆ ಏನು ಹೇಳುವುದು?" ಎಂದ.

ಹೋದೆ. ಸ್ನೇಹ ಎಂದರೆ ಜೊತೆಗೆ ಕೂರಬೇಕಿತ್ತು ಎಂದು ಕೆಲವರು ಹೇಳಿದ್ದುಂಟು. ಅವನು ಬೆಚ್ಚಗಿದ್ದ, ಪಕ್ಕದಲ್ಲಿ ಡಾಕ್ಟರ್ ಇದ್ದರು. ನನ್ನ ಮೂಗಿಗೆ ಮಾತ್ರ ಈಗ ಯಾರೂ ಇರಲಿಲ್ಲ. ಮುಂದೆ ಓಡುತ್ತಿದ್ದ ಲಡಾಖಿ ಹುಡುಗಿಯೊಬ್ಬಳ ಬಳಿ ಹೋಗಿ, ತಂಗಿ, ಆಗಾಗ ನನ್ನ ಮುಖ ನೋಡುತ್ತೀಯಾ ಎಂದು ಹರಕು ಹಿಂದಿಯಲ್ಲಿ ಕೇಳಿದೆ. ಅವಳಿಗೆ ನಗು. ಆದರೆ ಅಲ್ಲಿಂದ ಕೊನೆಯವರೆಗೆ ಕೇಳದೆಯೇ ತಿರುಗಿ ನೋಡುತ್ತಾ, "ನಾಕ್ ಠೀಕ್ ಹೈ, ಭಯ್ಯಾ," ಎನ್ನುತ್ತಿದ್ದಳು. ನಾನೂ ಅವಳದನ್ನು ನೋಡುತ್ತಿದ್ದೆ.

ಗುರಿಯ ಹತ್ತಿರ ಗೆಳೆಯ ಕಂಬಳಿ ಹೊದ್ದು ನಿಂತಿದ್ದ. ಅಭಿನಂದನೆ ಏನೂ ಇಲ್ಲ. ನನ್ನ ಗಲ್ಲ ಹಿಡಿದು, ಮುಖವಸ್ತ್ರ ಸರಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಸರಿ ಉಂಟು" ಎಂದ. ಟೈಮ್ ಕೇಳಿದ್ದು ಆಮೇಲೆ.

ಊರಿಗೆ ಬಂದ ಮೇಲೆ ಅವನ ಮೂಗಿನ ತುದಿಯ ಚರ್ಮ ಒಂದು ವಾರ ಸುಲಿಯಿತು. ಬಿಸಿಲಿಗೆ ಸುಟ್ಟದ್ದು ಎಂದು ಮೊಹಲ್ಲಾದವರೆಲ್ಲ ತಿಳಿದುಕೊಂಡರು.