ಪೋರ್ಟ್‌ಸಾಯ್ ಬಂದರಿನಲ್ಲಿ ಕೇಳಿದ ಮಟ್ಟು

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಪೋರ್ಟ್‌ಸಾಯ್ ಚಿಕ್ಕ ಊರು. ಅಲ್ಲಿಯ ಹಳೆಯ ಬಂದರು 1693ರದು. ಅದಕ್ಕೆ ಮುನ್ನೂರು ವರ್ಷ ತುಂಬಿದ 1993ರಲ್ಲಿ ಆರಂಭವಾದ ಸಾಂಪ್ರದಾಯಿಕ ದೋಣಿಗಳ ಉತ್ಸವಕ್ಕೆ, ಅಬರ್ಡೀನಿನಲ್ಲಿರುವ ಮಗಳು ಒಂದು ಬೇಸಗೆಯಲ್ಲಿ ನನ್ನನ್ನು ಕರೆದೊಯ್ದಿದ್ದಳು.

ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿದ ಬಂದರಿನ ಗೋಡೆಯ ಬಳಿ ವೃದ್ಧರೊಬ್ಬರು ಯಾವ ವಾದ್ಯವೂ ಇಲ್ಲದೆ ‘ಬಾಥಿ’ ಹಾಡೊಂದನ್ನು ಎತ್ತಿಕೊಂಡರು. ಬಾಥಿ ಎಂದರೆ ಹೊಲದ ಆಳುಗಳು ತಂಗುತ್ತಿದ್ದ ಬಿಡಾರ. ಒಡೆಯನ ಜಿಪುಣತನ, ಕೆಟ್ಟ ಊಟ ಎಲ್ಲವೂ ಈ ಹಾಡುಗಳಲ್ಲಿ ಹೊಲಮನೆಗಳ ಹೆಸರು ಸಮೇತ ಬರುತ್ತವೆ. ಅವರ ಸ್ಕಾಟ್ಸ್ ನುಡಿ ನನಗೆ ಅರ್ಧವೂ ತಿಳಿಯಲಿಲ್ಲ. ಪಲ್ಲವಿ ಬಂದಾಗ ಸುತ್ತಲಿದ್ದವರೆಲ್ಲ ದನಿಗೂಡಿಸಿದರು.

ಈ ಸೀಮೆಯ ಹಾಡುಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಗ್ರಹಿಸಿದವರು ಶಾಲಾ ಮಾಸ್ತರ ಗ್ಯಾವಿನ್ ಗ್ರೆಗ್ ಮತ್ತು ಪಾದ್ರಿ ಜೇಮ್ಸ್ ಡಂಕನ್. ಆ ಸಂಗ್ರಹದ ಎಂಟು ಸಂಪುಟಗಳು ಅಚ್ಚಾಗಿ ಮುಗಿದದ್ದು 2002ರಲ್ಲಿ. ಗ್ರೆಗ್ ಅವರಿಗೆ ಬೆಲ್ ರಾಬರ್ಟ್‌ಸನ್ ಎಂಬ ಮಹಿಳೆಯೊಬ್ಬರೇ ಸುಮಾರು 400 ಹಾಡುಗಳನ್ನು ಒದಗಿಸಿದರು. ಆದರೆ ಆಕೆ ಹಾಡುವವರಲ್ಲ. ಕೊಟ್ಟದ್ದು ಮಾತುಗಳನ್ನಷ್ಟೇ, ಮಟ್ಟುಗಳನ್ನಲ್ಲ. ಇದನ್ನು ಓದಿದಾಗ, ವಿದ್ವಾಂಸರಿಗೆ ಸಹಜವಾದ ಧೋರಣೆಯಿಂದ, ಅಯ್ಯೋ ಎನಿಸಿತ್ತು.

ಬಂದರಿನಲ್ಲಿ ಆ ಮರುಕ ನನ್ನತ್ತಲೇ ತಿರುಗಿತು. ಸುಮಾರು ಮೂರು ದಶಕ ತ್ರಿಪದಿಯ ಗಣವಿಭಾಗ ಕಲಿಸಿದ್ದೇನೆ. ತರಗತಿಯಲ್ಲಿ ಒಂದನ್ನೂ ಹಾಡಿಲ್ಲ. ಅವ್ವನ ಬೀಸುವ ಪದಗಳನ್ನು ಸಂಶೋಧನೆಯ ದಿನಗಳಲ್ಲಿ ಪಾಠಾಂತರಗಳೊಡನೆ ಬರೆದುಕೊಂಡೆ. ಧ್ವನಿಮುದ್ರಿಸಿಕೊಳ್ಳುವುದು ಹೊಳೆಯಲಿಲ್ಲ. ಅವ್ವ ಈಗಿಲ್ಲ.

“ಅಪ್ಪಾ, ಅಜ್ಜಿ ಹೇಗೆ ಹಾಡ್ತಿದ್ದರು?” ಎಂದು ಮಗಳು ಕೇಳಿದಳು.

ನಾನು ಸಾಲುಗಳನ್ನು ಹೇಳಿದೆ.