ಹಡಗು ಬರುವ ಮೊದಲು ಕೇಳಬೇಕಾದ ಮಾತು

ಹೊಳೆ ದಾಟುವ ಕಷ್ಟ ನಮ್ಮ ಸೀಮೆಯವರಿಗೆ ಹೊಸತಲ್ಲ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಯ ಮೇಲೆ ಹೊಳೆ ಇರುವ ನಾಡು ನಮ್ಮದು. ಸೇತುವೆಗಳು ಆಗುವ ಮೊದಲು ಕಡವಿನ ದೋಣಿಯೊಂದೇ ಗತಿಯಾಗಿತ್ತೆಂದು ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಮಳೆಗಾಲದಲ್ಲಿ ಅಂಬಿಗ ಬಾರದಿದ್ದರೆ ಸಂತೆಯೂ ಇಲ್ಲ, ಶಾಲೆಯೂ ಇಲ್ಲ. ಮದುವೆಯ ದಿಬ್ಬಣವೂ ಈಚೆ ದಡದಲ್ಲಿಯೇ. ಹೀಗಿರುವಾಗ, ತಮ್ಮ ಊರಿಗೆ ಬರುವ ದೊಡ್ಡ ಹಡಗನ್ನು ಜನರೇ ನೀರಿಗಿಳಿದು ಅಡ್ಡಗಟ್ಟಿದರು ಎಂದರೆ ನಮಗೆ ಆಶ್ಚರ್ಯವಾಗುವುದು ಸಹಜ. ಆದರೆ ಹಾಗೆ ನಡೆದದ್ದು ನಿಜ. ನಡೆದದ್ದು ದೂರದ ಹವಾಯಿಯಲ್ಲಿ; ಅದರಿಂದ ನಾವು ಕಲಿಯಬೇಕಾದ ಪಾಠ ಮಾತ್ರ ಬಹಳ ಹತ್ತಿರದ್ದು.

ಹವಾಯಿ ಪೆಸಿಫಿಕ್ ಮಹಾಸಾಗರದ ನಡುವೆ ಇರುವ ದ್ವೀಪಗಳ ಸಾಲು. ಅಮೆರಿಕದ ಒಂದು ರಾಜ್ಯ. ಮುಖ್ಯವಾದ ದ್ವೀಪಗಳು ಎಂಟು. ರಾಜಧಾನಿ ಹೊನೊಲುಲು ಇರುವುದು ಓವಾಹು ದ್ವೀಪದಲ್ಲಿ. ಇಡೀ ರಾಜ್ಯದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಯೇ ವಾಸಿಸುತ್ತಾರೆ. ಮಾವಿ, ಕವಾಯಿ ಮೊದಲಾದ ಉಳಿದ ದ್ವೀಪಗಳಲ್ಲಿ ಜನ ಕಡಿಮೆ, ರಸ್ತೆಗಳು ಚಿಕ್ಕವು, ಬದುಕು ನಿಧಾನದ್ದು. ಒಂದು ದ್ವೀಪದಿಂದ ಇನ್ನೊಂದಕ್ಕೆ ಸೇತುವೆ ಕಟ್ಟುವ ಮಾತೇ ಇಲ್ಲ. ಕಡಲು ಅಷ್ಟು ಆಳ. ಸಾಮಾನು ದೋಣಿಗಳಲ್ಲಿ ಬರುತ್ತದೆ, ಮನುಷ್ಯರು ವಿಮಾನದಲ್ಲಿ ಹೋಗುತ್ತಾರೆ. ನಾವು ಬಸ್ಸು ಹತ್ತಿ ಅಜ್ಜಿಮನೆಗೆ ಹೋಗುವಂತೆ ಅವರು ವಿಮಾನ ಹತ್ತಬೇಕು. ಆ ದರವನ್ನೂ ತೆರಬೇಕು.

ಇಂಥ ಕಡೆಗೆ 'ಹವಾಯಿ ಸೂಪರ್‌ಫೆರಿ' ಎಂಬ ಕಂಪೆನಿ ಪ್ರಯಾಣಿಕರ ಹಡಗನ್ನು ತರಲು ಹೊರಟಿತು. ಹಡಗಿನ ಹೆಸರು 'ಅಲಾಕಾಯಿ'. ಉದ್ದ ಸುಮಾರು 350 ಅಡಿ. ಒಮ್ಮೆಗೆ 800ಕ್ಕಿಂತ ಹೆಚ್ಚು ಜನರನ್ನೂ 280ರಷ್ಟು ಕಾರುಗಳನ್ನೂ ಹೊತ್ತು, ಹೊನೊಲುಲುವಿನಿಂದ ಮಾವಿಗೆ ಸುಮಾರು ಮೂರು ಗಂಟೆಯಲ್ಲಿ ಮುಟ್ಟಿಸುವ ಸಾಮರ್ಥ್ಯ ಅದಕ್ಕಿತ್ತು. ಹಡಗು ಬೇಕೆಂದವರ ಮಾತಿನಲ್ಲಿ ತೂಕವಿತ್ತು. ಬಡವರೂ ಕುಟುಂಬಸಮೇತ ಪ್ರಯಾಣ ಮಾಡಬಹುದು. ತಮ್ಮ ವಾಹನವನ್ನೇ ಕೊಂಡೊಯ್ಯಬಹುದು. ಮಾವಿಯ ರೈತ ತಾನು ಬೆಳೆದ ತರಕಾರಿಯನ್ನು ರಾಜಧಾನಿಯ ಪೇಟೆಗೆ ತಾನೇ ಒಯ್ಯಬಹುದು. ವಿಪತ್ತು ಬಂದಾಗ ಇನ್ನೊಂದು ದಾರಿ ಇದ್ದಂತಾಗುತ್ತದೆ. ಇದರಲ್ಲಿ ಯಾವುದು ಸುಳ್ಳು?

ವಿರೋಧಿಸಿದವರ ಮಾತೂ ಹಗುರವಾದುದಲ್ಲ. ಪ್ರತಿ ಚಳಿಗಾಲದಲ್ಲಿ ಅಲಾಸ್ಕದ ತಣ್ಣೀರಿನಿಂದ ಗೂನು ತಿಮಿಂಗಿಲಗಳು ಹವಾಯಿಯ ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತವೆ. ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕಿ ಓಡುವ ಹಡಗು ಆ ತಾಯಿ ಮರಿಗಳಿಗೆ ಬಡಿದರೆ ಗತಿಯೇನು? ವೇಗ ತಗ್ಗಿಸುತ್ತೇವೆ, ಕಾವಲಿಗೆ ಜನ ನಿಲ್ಲಿಸುತ್ತೇವೆ ಎಂದು ಕಂಪೆನಿ ಹೇಳಿತು. ಅಷ್ಟು ಸಾಕೇ ಎಂದು ಜನ ಕೇಳಿದರು. ದಿನವೂ ನೂರಾರು ಕಾರುಗಳು ಇಳಿದರೆ ತಮ್ಮ ಚಿಕ್ಕ ರಸ್ತೆಗಳು ತಾಳುವುವೇ ಎಂಬುದು ಇನ್ನೊಂದು ಪ್ರಶ್ನೆ. ಕಾರಿನ ಚಕ್ರಕ್ಕೆ ಅಂಟಿದ ಮಣ್ಣಿನಲ್ಲಿ ಹೊಸ ಕಳೆಯ ಬೀಜ, ಹೊಸ ಕೀಟ ಬಂದರೆ ಎಂಬುದು ಮತ್ತೊಂದು ಭಯ.

ಈ ಕೊನೆಯ ಭಯ ಅವರಿಗೆ ಅನುಭವದಿಂದ ಬಂದುದು. ಇಲ್ಲಿ ನಮ್ಮ ದೇಶದ ಒಂದು ಪ್ರಾಣಿಯ ಕಥೆಯೂ ಸೇರಿಕೊಂಡಿದೆ. ನಮ್ಮ ತೋಟದ ಬೇಲಿಯಲ್ಲಿ ಸುಳಿಯುವ ಕೀರಿಯ ಬಳಗದ ಸಣ್ಣ ಕೀರಿಯನ್ನು ಭಾರತದಿಂದ ಜಮೈಕಕ್ಕೆ ಒಯ್ದಿದ್ದರು. ಕಬ್ಬಿನ ಹೊಲಗಳ ಇಲಿಗಳನ್ನು ಹಿಡಿಸಲೆಂದು 1883ರಲ್ಲಿ ಅಲ್ಲಿಂದ ಹವಾಯಿಗೆ ತಂದು ಬಿಟ್ಟರು. ಇಲಿ ಹೆಚ್ಚಾಗಿ ಇರುಳಿನಲ್ಲಿ ತಿರುಗುವುದು, ಕೀರಿ ಹಗಲಿನಲ್ಲಿ. ಹೀಗಾಗಿ ಇಲಿಗಳು ಉಳಿದುವು; ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳು ಕೀರಿಯ ಪಾಲಾದುವು. ಕವಾಯಿ ದ್ವೀಪದಲ್ಲಿ ಕೀರಿ ನೆಲೆಯೂರಲಿಲ್ಲ. ಅಲ್ಲಿ ಅಂಥ ಹಕ್ಕಿಗಳು ಉಳಿದುಕೊಂಡಿವೆ. ಒಳ್ಳೆಯದಾಗಲೆಂದೇ ತಂದದ್ದು ಏನು ಮಾಡೀತೆಂದು ಅವರು ಕಣ್ಣಾರೆ ಕಂಡಿದ್ದರು.

ಎರಡೂ ಕಡೆಗೆ ನ್ಯಾಯವಿದ್ದಾಗ ಮಾಡಬೇಕಾದದ್ದೇನು? ಕುಳಿತು ಪರೀಕ್ಷಿಸಬೇಕು. ಆ ರಾಜ್ಯದ ಕಾನೂನೂ ಅದನ್ನೇ ಹೇಳುತ್ತಿತ್ತು: ಸರಕಾರದ ಹಣದಿಂದ ಇಂಥ ಕೆಲಸ ನಡೆಯುವಾಗ ಪರಿಸರಕ್ಕೆ ಆಗುವ ಪರಿಣಾಮವನ್ನು ಮೊದಲೇ ಅಭ್ಯಾಸ ಮಾಡಿ, ಜನರ ಮಾತು ಕೇಳಬೇಕು. ಹಡಗಿಗಾಗಿ ಬಂದರುಗಳಲ್ಲಿ ಸುಮಾರು 4 ಕೋಟಿ ಡಾಲರಿನ ಕೆಲಸ ಮಾಡಿಸಿದ ರಾಜ್ಯ ಸರಕಾರ, ಈ ಕೆಲಸಕ್ಕೆ ಅಂಥ ಅಭ್ಯಾಸ ಅಗತ್ಯವಿಲ್ಲವೆಂದು 2005ರಲ್ಲಿ ವಿನಾಯಿತಿ ಕೊಟ್ಟಿತು. ಕೆಲವು ಸಂಘಟನೆಗಳು ನ್ಯಾಯಾಲಯಕ್ಕೆ ಹೋದುವು. ವಿನಾಯಿತಿ ಕೊಟ್ಟದ್ದು ತಪ್ಪೆಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯ 2007ರ ಆಗಸ್ಟ್ 23ರಂದು ತೀರ್ಪಿತ್ತಿತು. ಅಷ್ಟರಲ್ಲಿ ಹಡಗು ಸಿದ್ಧವಾಗಿ ನಿಂತಿತ್ತು. ಕಂಪೆನಿ ತಡೆದು ನಿಲ್ಲಲಿಲ್ಲ. ಮೂರೇ ದಿನಗಳಲ್ಲಿ, ಆಗಸ್ಟ್ 26ರಂದು, ಕೇವಲ 5 ಡಾಲರಿನ ಟಿಕೇಟಿಗೆ ಜನರನ್ನು ಹತ್ತಿಸಿಕೊಂಡು ಹೊರಟೇಬಿಟ್ಟಿತು.

ಕವಾಯಿಯ ನವಿಲಿವಿಲಿ ಬಂದರಿನಲ್ಲಿ ನೂರಾರು ಜನ ದಡದಲ್ಲಿ ಸೇರಿದರು. ಕೆಲವರು ತೆರೆಯಾಟದ ಹಲಗೆಗಳ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತ ಹಡಗಿನ ದಾರಿಗೆ ಅಡ್ಡ ಬಂದರು. ಮೊದಲ ದಿನ ಹಡಗು ತಡವಾಗಿ ದಡ ಮುಟ್ಟಿತು. ಮರುದಿನ ಗಂಟೆಗಟ್ಟಲೆ ಹೊರಗೆ ಕಾದು, ಪ್ರಯಾಣಿಕರೊಡನೆ ಹೊನೊಲುಲುವಿಗೆ ಮರಳಿತು. ಆ ಮೇಲೆ ಅದು ಕವಾಯಿಗೆ ಪ್ರಯಾಣಿಕರನ್ನು ಕೊಂಡೊಯ್ಯಲಿಲ್ಲ.

ನಮ್ಮ ಹತ್ತನೆಯ ತರಗತಿಯ ಚರ್ಚಾಕೂಟಕ್ಕೆ ನಾನು ಈ ವಿಷಯವನ್ನು ಕೊಟ್ಟಿದ್ದೆ. 'ಪರ' ಪಕ್ಷದ ಹುಡುಗನೊಬ್ಬ ಎದ್ದು, "ಆ ಹಡಗಿನೊಳಗೆ ಅಜ್ಜಿಯನ್ನು ನೋಡಲು ಹೊರಟವರೂ ಇದ್ದಿರಬಹುದಲ್ಲ ಸಾರ್? ಅವರೇನು ಅನ್ಯಾಯ ಮಾಡಿದ್ದರು?" ಎಂದ. ಕೊಠಡಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಗ ಎದುರು ಪಕ್ಷದ ಹುಡುಗಿ ಮೆಲ್ಲನೆ ಹೇಳಿದಳು: "ಅವರು ಅನ್ಯಾಯ ಮಾಡಲಿಲ್ಲ. ಆದರೆ ದೋಣಿಯಲ್ಲಿ ಬರುವವರನ್ನು ಕೇಳಿದರು, ಕಡವಿನಲ್ಲಿ ಇರುವವರನ್ನು ಕೇಳಲಿಲ್ಲ." ಬಹುಮಾನ ಯಾರಿಗೆ ಹೋಯಿತೆಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರೂ ಒಂದೇ ಸತ್ಯದ ಎರಡು ಅರ್ಧಗಳನ್ನು ಹಿಡಿದಿದ್ದರು. ಚರ್ಚೆಯೆಂದರೆ ಎದುರಾಳಿಯ ಬಾಯಿ ಮುಚ್ಚಿಸುವುದಲ್ಲ, ಅವನ ಕೈಯಲ್ಲಿರುವ ಅರ್ಧವನ್ನೂ ನೋಡುವುದು ಎಂದು ಅಂದು ನನಗೆ ಹೊಸದಾಗಿ ಮನದಟ್ಟಾಯಿತು.

ಹವಾಯಿಯಲ್ಲಿ ಹಾಗಾಗಲಿಲ್ಲ. 2007ರ ಅಕ್ಟೋಬರಿನಲ್ಲಿ ಶಾಸನಸಭೆಯ ವಿಶೇಷ ಅಧಿವೇಶನ ಕರೆದು, ಅಭ್ಯಾಸ ನಡೆಯುತ್ತಿರುವಾಗಲೇ ಹಡಗು ಓಡಬಹುದೆಂದು ಹೊಸ ಕಾನೂನು ಮಾಡಿದರು. ಡಿಸೆಂಬರ್ 13ರಿಂದ ಮಾವಿಗೆ ಹಡಗು ಮತ್ತೆ ಓಡಿತು. ಒಂದೇ ಕಂಪೆನಿಯ ಅನುಕೂಲಕ್ಕೆಂದು ಮಾಡಿದ ಈ ಕಾನೂನು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯ 2009ರ ಮಾರ್ಚ್ 16ರಂದು ಹೇಳಿತು. ಅದೇ ತಿಂಗಳ 19ರಂದು ಕೊನೆಯ ಪ್ರಯಾಣ. ಮೇ ತಿಂಗಳ ಕೊನೆಗೆ ಕಂಪೆನಿ ದಿವಾಳಿ. ನೂರಾರು ಜನರ ಕೆಲಸ ಹೋಯಿತು. ಕೊನೆಗೆ ಅಮೆರಿಕದ ನೌಕಾಪಡೆ ಆ ಹಡಗನ್ನು ತನ್ನದಾಗಿಸಿಕೊಂಡು ಅದಕ್ಕೆ 'ಪೋರ್ಟೊ ರಿಕೊ' ಎಂದು ಹೆಸರಿಟ್ಟಿತು. ಓವಾಹು, ಮಾವಿ, ಕವಾಯಿಗಳ ನಡುವೆ ಅಂಥ ಹಡಗು ಮತ್ತೆ ಬಂದಿಲ್ಲ.

ಗೆದ್ದವರು ಯಾರು? ತಿಮಿಂಗಿಲಗಳಿಗೆ ಒಂದು ಅಪಾಯ ತಪ್ಪಿತು, ಸರಿ. ವಿಮಾನದ ದರ ತೆರಲಾಗದವನ ಕಷ್ಟ ಮಾತ್ರ ಹಾಗೆಯೇ ಉಳಿಯಿತು. ಮೊದಲೇ ಕೇಳಿದ್ದರೆ ಬಹುಶಃ ಹಡಗು ಇನ್ನಷ್ಟು ನಿಧಾನವಾಗಿ ಓಡುತ್ತಿತ್ತೇನೋ, ಕಾರುಗಳನ್ನು ಬಂದರಿನಲ್ಲಿ ಇನ್ನಷ್ಟು ಚೆನ್ನಾಗಿ ತೊಳೆಸುತ್ತಿದ್ದರೇನೋ. ಅಥವಾ ಬೇಡವೆಂದೇ ತೀರ್ಮಾನವಾಗಿ ಅಷ್ಟು ಹಣವಾದರೂ ಉಳಿಯುತ್ತಿತ್ತು. ಹಡಗು ಕಟ್ಟಿ ನಿಲ್ಲಿಸಿದ ಮೇಲೆ ಕೇಳಿದ ಪ್ರಶ್ನೆಗೆ ಜಗಳವೊಂದೇ ಉತ್ತರವಾಯಿತು.

ವಿದ್ಯಾರ್ಥಿ ಮಿತ್ರರೇ, ಪಾಲಕ ಬಂಧುಗಳೇ, ರಾಜಧಾನಿಯಿಂದ ದೂರದ ತುದಿಯಲ್ಲಿ ಇರುವವರ ಮನಸ್ಸು ನಮಗೆ ತಿಳಿಯದ್ದೇ? ತಿರುವನಂತಪುರದಿಂದ ಕಾಸರಗೋಡಿಗೆ ನಾಲ್ಕು ಗಂಟೆಯಲ್ಲಿ ತಲುಪಿಸುವ ರೈಲುಮಾರ್ಗಕ್ಕೆಂದು 2022ರಲ್ಲಿ ಹಳದಿ ಕಲ್ಲುಗಳನ್ನು ನೆಡಲು ಬಂದಾಗ ಕೇರಳದ ಎಷ್ಟೋ ಊರುಗಳಲ್ಲಿ ಜನ ತಡೆದು ನಿಂತದ್ದು ನಿಮಗೆ ನೆನಪಿರಬಹುದು. ಬೇಗ ತಲುಪಬೇಕೆಂಬ ಆಸೆಯೂ ನಮ್ಮದೇ, ಮನೆಯಂಗಳದಲ್ಲಿ ಕಲ್ಲು ಕಂಡಾಗಿನ ಕಳವಳವೂ ನಮ್ಮದೇ. ಅಲ್ಲಿಯೂ ಮೊದಲು ಬೇಕಾದದ್ದು ಕೇಳುವಿಕೆ.

ಕೇಳುವುದೆಂದರೆ ಅರ್ಥವಾಗುವ ಮಾತಿನಲ್ಲಿ ಕೇಳುವುದು. ನಮ್ಮ ಹಿರಿಯರಲ್ಲಿ ಕನ್ನಡವೊಂದನ್ನೇ ಓದಬಲ್ಲವರು ಅನೇಕರಿದ್ದಾರೆ. ಪಂಚಾಯತಿನ ಗೋಡೆಗೆ ಅಂಟಿಸಿದ ಮಲೆಯಾಳದ ಪ್ರಕಟಣೆ ಅವರ ಪಾಲಿಗೆ ಬರಿಯ ಕಾಗದ. ನೀವಾದರೋ ಎರಡು ಭಾಷೆಗಳನ್ನೂ ಬಲ್ಲವರು. ರಸ್ತೆಯಾಗಲಿ ಸೇತುವೆಯಾಗಲಿ, ಅಂಥ ಪ್ರಕಟಣೆ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ನಿಂತು ಓದಿ. ಸಂಜೆ ಮನೆಯ ಜಗಲಿಯಲ್ಲಿ ಅಜ್ಜನಿಗೆ ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಿ. ಅವರು ಏನೆನ್ನುತ್ತಾರೆಂದು ಕೇಳಿ, ಆಕ್ಷೇಪವಿದ್ದರೆ ಕೊನೆಯ ದಿನಾಂಕ ದಾಟುವ ಮೊದಲು ಬರೆದು ಕೊಡಿ. ಕಡವಿನಲ್ಲಿ ಇರುವವರ ಮಾತು ಹಡಗು ಹೊರಡುವ ಮೊದಲೇ ತಲುಪಬೇಕಾದರೆ, ಅದನ್ನು ತಲುಪಿಸುವ ಮಕ್ಕಳು ಬೇಕು.